ಕಾಯಕಕ್ಕೂ ಒಂದು ಅಳತೆ

ನಾವು ಮಕ್ಕಳನ್ನು ಕರೆದುಕೊಂಡು ಇಲ್ಲಿನ ಪಬ್ಲಿಕ್ ಲೈಬ್ರರಿಗೆ ಹೋಗುತ್ತೇವೆ, ಚೀಲ ತುಂಬ ಪುಸ್ತಕ ತರುತ್ತೇವೆ. ಕೌಂಟರಿನ ಆಚೆ ಕುಳಿತವರಿಗೂ ಒಂದು ಮನೆಯಿದೆ, ಮಕ್ಕಳಿದ್ದಾರೆ, ಸಂಜೆಗೆಂದು ಎತ್ತಿಟ್ಟುಕೊಂಡ ಹವ್ಯಾಸಗಳಿವೆ ಎಂಬುದು ನಮಗೆ ನೆನಪಾಗುವುದು ಅಪರೂಪ. ಬೇಕಾದ ಪುಸ್ತಕ ಸರಿಯಾದ ಜಾಗದಲ್ಲಿ ಸಿಕ್ಕರೆ ಸಾಕು. ಅದನ್ನು ಅಲ್ಲಿಟ್ಟವರ ದಿನ ಹೇಗಿತ್ತೆಂದು ಯಾರು ಕೇಳುತ್ತಾರೆ?

ಹಾಗೆ ಕೇಳಿ ನೋಡಬೇಕಾದ ಬದುಕು ಎಸ್. ಆರ್. ರಂಗನಾಥನ್ ಅವರದು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ತರಬೇತಿಗೆಂದು ಲಂಡನ್ನಿಗೆ ಹೋದಾಗ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ಕಂಡರು. ಅವೇ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿದರೆ ಬೇರೆ ಬೇರೆ ವಸ್ತುಗಳಾಗುತ್ತಿದ್ದವು. ಪುಸ್ತಕಗಳ ವಿಷಯಗಳನ್ನೂ ಹೀಗೆಯೇ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅದರಿಂದ ಬೆಳೆದದ್ದೇ 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ. ಮಕ್ಕಳ ಆಟಿಕೆಯೂ ಅವರ ಕಣ್ಣಿಗೆ ಕೆಲಸವಾಗಿ ಕಂಡಿತು!

ಮದ್ರಾಸಿನಲ್ಲಿದ್ದ ಸುಮಾರು 20 ವರ್ಷ ಅವರು ದಿನಕ್ಕೆ 13 ಗಂಟೆ, ವಾರದ ಏಳೂ ದಿನ, ರಜೆಯಿಲ್ಲದೆ ದುಡಿದರೆಂದು ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. 1928ರಲ್ಲಿ ಶಾರದಾ ಅವರನ್ನು ಮದುವೆಯಾದಾಗ, ಮುಹೂರ್ತ ಮುಗಿಸಿಕೊಂಡು ಮಧ್ಯಾಹ್ನವೇ ಲೈಬ್ರರಿಗೆ ಮರಳಿದರಂತೆ. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಒಂದು ಕೇಂದ್ರ ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಜನಸಾಮಾನ್ಯರಿಗೆ ಪುಸ್ತಕ ಮುಟ್ಟಬೇಕೆಂಬ ಅವರ ಹಂಬಲದ ಫಲವನ್ನು ನಮ್ಮಲ್ಲಿ ಅನೇಕರು ಊರಿನ ವಾಚನಾಲಯಗಳಲ್ಲಿ ಕುಳಿತು ಉಂಡಿದ್ದೇವೆ.

ಇಲ್ಲಿಯೇ ಪ್ರಶ್ನೆ ಏಳುವುದು. ದುಡ್ಡಿನ ಆಸೆಗೆ ಮನೆ ಮರೆತವರನ್ನು ತಪ್ಪೆನ್ನುವುದು ಸುಲಭ. ರಂಗನಾಥನ್ ಅಂಥವರಲ್ಲ. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರೂ ಇರುವಂತೆ ಒಂದು ಪೀಠ ಸ್ಥಾಪಿಸಿದರು. ಅದು ದೊಡ್ಡ ಗೌರವ. ಆದರೆ ಗೌರವ ಬೇರೆ, ಜೊತೆಯಲ್ಲಿ ಕಳೆದ ಸಂಜೆ ಬೇರೆ. 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಒಂದು, ಓದುಗರ ಸಮಯ ವ್ಯರ್ಥವಾಗದಂತೆ ನೋಡಿಕೊಳ್ಳಬೇಕೆನ್ನುತ್ತದೆ. ಸಾವಿರಾರು ಅಪರಿಚಿತರಿಗೆ ಹೀಗೆ ಉಳಿದ ಸಮಯದಲ್ಲಿ ಒಂದಿಷ್ಟು, ಅವರ ಮನೆಯವರ ಪಾಲಿನಿಂದ ಬಂದದ್ದಲ್ಲವೇ? ಒಳ್ಳೆಯ ಕೆಲಸಕ್ಕಾದರೆ ಮನೆಯವರ ಪಾಲನ್ನು ಕೇಳದೆಯೇ ತೆಗೆದುಕೊಳ್ಳಬಹುದೇ?

ಸಾಫ್ಟ್‌ವೇರ್ ಕೆಲಸದ ನಮ್ಮಂಥವರ ಮನೆಗಳಿಗೂ ಈ ಪ್ರಶ್ನೆ ದೂರದ್ದಲ್ಲ. ರಾತ್ರಿ ಭಾರತದ ತಂಡದ ಜೊತೆ ಕರೆ, ಶನಿವಾರ ರಿಲೀಸ್. ಎಲ್ಲಕ್ಕೂ ನಮ್ಮ ಬಳಿ ಸಿದ್ಧವಾದ ಉತ್ತರವಿದೆ: ಕೆಲಸವೇ ಪೂಜೆ. ಆದರೆ ಕಾಯಕದಲ್ಲೇ ಕೈಲಾಸ ಕಂಡ ಆಯ್ದಕ್ಕಿ ಮಾರಯ್ಯನ ಕಥೆಯಲ್ಲಿ ಆಯ್ದಕ್ಕಿ ಲಕ್ಕಮ್ಮನೂ ಇದ್ದಾಳೆ ಎಂಬುದನ್ನು ಮರೆಯಬಾರದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಗಂಡ ಮಾತಿನಲ್ಲಿ ಮೈಮರೆತು ಕೂತಾಗ ಕಾಯಕಕ್ಕೆ ಹೊತ್ತಾಯಿತೆಂದು ಎಬ್ಬಿಸಿದವಳೂ ಆಕೆ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಪಾಲಲ್ಲ, ಅಲ್ಲಿಯೇ ಸುರಿದು ಬನ್ನಿ ಎಂದವಳೂ ಆಕೆಯೇ. ಕಾಯಕ ಮಾರಯ್ಯನದು, ಅದರ ಅಳತೆ ಲಕ್ಕಮ್ಮನದು. ಅವಳ ಮಾತು ನಡೆದದ್ದರಿಂದಲೇ ಆ ದುಡಿಮೆ ದುರಾಸೆಯಾಗದೆ ಕಾಯಕವಾಗಿ ಉಳಿಯಿತು.

ಪ್ರೀತಿಯಿಂದ ಮಾಡುವ ಕೆಲಸ ತಾನಾಗಿ 'ಸಾಕು' ಎನ್ನುವುದಿಲ್ಲ. ಆಫೀಸು ಅನ್ನುವುದಿಲ್ಲ, ಲೋಕದ ಹೊಗಳಿಕೆಯಂತೂ ಅನ್ನುವುದೇ ಇಲ್ಲ. ಆ ಮಾತು ಮನೆಯಿಂದಲೇ ಬರಬೇಕು. ಬಂದಾಗ ಅದನ್ನು ಗೊಣಗಾಟವೆಂದು ತಳ್ಳಿಹಾಕದೆ ಕೇಳಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಲಕ್ಕಮ್ಮನ ಕೆಲಸವೂ ಇಬ್ಬರದು. ಕೆಲವೊಮ್ಮೆ ಅದನ್ನು ಮಕ್ಕಳೂ ಮಾಡುತ್ತಾರೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತೆಂದು ತೋರುತ್ತದೆ. ನವರಾತ್ರಿಯಲ್ಲಿ ಪುಸ್ತಕಗಳನ್ನು ಸರಸ್ವತಿಯ ಮುಂದಿಟ್ಟು ಪೂಜಿಸಿದ ಮೇಲೆ ವಿಜಯದಶಮಿಯವರೆಗೆ ಅವನ್ನು ಓದುವುದಿಲ್ಲ. ಆಯುಧ ಪೂಜೆಯ ದಿನ ಕೆಲಸದ ಸಲಕರಣೆಗಳಿಗೂ ವಿಶ್ರಾಂತಿ. ವಿದ್ಯೆಯನ್ನು ದೇವಿಯೆಂದೇ ಕಂಡವರು ಆ ವಿದ್ಯೆಯ ಹೊತ್ತಗೆಯನ್ನೂ ವರ್ಷಕ್ಕೊಮ್ಮೆ ಮುಚ್ಚಿಡಿ ಎಂದರು. ಇಲ್ಲಿ ಹಬ್ಬಕ್ಕೆ ರಜೆಯಿಲ್ಲ, ನಿಜ. ಆದರೆ ಆ ನಿಯಮದ ಸಾರವನ್ನು ವಾರದ ಒಂದು ಸಂಜೆಗಾದರೂ ತಂದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಯಾವ ಸಂಜೆ ಎಂಬುದನ್ನು ಮಾತ್ರ ನಾವೇ ನಿರ್ಧರಿಸದೆ, ಮನೆಯವರನ್ನು ಕೇಳೋಣ.