ಕೇಳದೆ ಬಿಟ್ಟ ಪ್ರಶ್ನೆಯ ಬೆಲೆ

ಬ್ರಿಟನ್ನಿನಲ್ಲಿ ಸ್ವಂತ ಪ್ರಾಕ್ಟೀಸ್ ಇಟ್ಟುಕೊಂಡಿರುವ ಒಬ್ಬ ಮೂಳೆ ವೈದ್ಯರನ್ನು ಊಹಿಸಿಕೊಳ್ಳಿ. ನಮ್ಮ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರೇ ಆಗಿರಬಹುದು. ಬೆಳಿಗ್ಗೆ ಒಬ್ಬರ ಮಂಡಿ ಮಡಿಸಿ, ಚಾಚಿ, ನೋವು ಎಲ್ಲಿ ಹಿಡಿಯುತ್ತದೆಂದು ಒತ್ತಿ ನೋಡುತ್ತಾರೆ. ಮಧ್ಯಾಹ್ನ ಇನ್ನೊಬ್ಬರ ಮಂಡಿಗೂ ಅದೇ ಪರೀಕ್ಷೆ. ಆದರೆ ಇವರು ಅಪಘಾತದ ಪರಿಹಾರಕ್ಕಾಗಿ ಕೋರ್ಟಿಗೆ ಹೋದವರು. ವರದಿ ಬೇಕಾಗಿರುವುದು ಇವರ ವಕೀಲರಿಗೆ. ಬೆಳಗಿನ ಫೀಸಿಗೆ ವ್ಯಾಟ್ ಇಲ್ಲ. ಮಧ್ಯಾಹ್ನದ್ದಕ್ಕೆ ಶೇ 20.

ಈ ಗೆರೆ ಎಳೆದದ್ದು ಪೀಟರ್ ಡಿ'ಆಂಬ್ರುಮೆನಿಲ್ ಎಂಬ ವೈದ್ಯರ ಪ್ರಕರಣ. ಆರೋಗ್ಯವನ್ನು ಕಾಪಾಡುವುದು ಇಲ್ಲವೇ ಮರಳಿಸುವುದು ಮುಖ್ಯ ಉದ್ದೇಶವಾಗಿದ್ದರೆ ಮಾತ್ರ ವಿನಾಯಿತಿ ಎಂದು ಐರೋಪ್ಯ ನ್ಯಾಯಾಲಯ 2003ರಲ್ಲಿ ಹೇಳಿತು. ಬ್ರಿಟನ್ 2007ರ ಮೇ 1ರಿಂದ ಅದನ್ನು ಜಾರಿಗೆ ತಂದಿತು. ನಮ್ಮ ಜಿಎಸ್‌ಟಿಯಲ್ಲೂ 2017ರಿಂದ ಇಂಥದೇ ಗೆರೆಯಿದೆ. ಚಂದಕ್ಕೆಂದು ಮೂಗು ತಿದ್ದಿಸಿಕೊಂಡರೆ ತೆರಿಗೆ, ಅಪಘಾತದಲ್ಲಿ ಜಜ್ಜಿಹೋದ ಮೂಗನ್ನು ಸರಿಮಾಡಿಸಿಕೊಂಡರೆ ಇಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ತೆರಿಗೆ ಅಧಿಕಾರಿ ಕೇಳುತ್ತಾನೆ: ಡಾಕ್ಟರೇ, ಈಗ ನೀವು ಮಾಡಿದ ಕೆಲಸ ಯಾತಕ್ಕಾಗಿ?

ಪ್ರಶ್ನೆ ದೊಡ್ಡದು, ಉತ್ತರ ಬರೆದಿಡುವುದು ಬೇಸರದ ಕೆಲಸ. ವಸೂಲಿ ಮಾಡಿದ ವ್ಯಾಟ್ ಎಷ್ಟು, ಖರೀದಿಯ ಮೇಲೆ ಕೊಟ್ಟದ್ದೆಷ್ಟು, ಆ ಖರೀದಿಯಲ್ಲಿ ಚಿಕಿತ್ಸೆಗೆ ಬಳಸಿದ ಪಾಲೆಷ್ಟು, ವರದಿಗೆಷ್ಟು? ದಿನವಿಡೀ ರೋಗಿಗಳನ್ನು ನೋಡಿ ದಣಿದವರಿಗೆ ರಾತ್ರಿ ಈ ಬಿಲ್ಲುಗಳ ಕಂತೆ ಬಿಚ್ಚುವ ಮನಸ್ಸು ಎಲ್ಲಿಂದ ಬರಬೇಕು? ಸಣ್ಣ ವ್ಯವಹಾರದವರ ಇಂಥ ತಾಪತ್ರಯ ಕಳೆಯಲೆಂದೇ ಬ್ರಿಟನ್ 2002ರಲ್ಲಿ ಫ್ಲಾಟ್ ರೇಟ್ ಸ್ಕೀಮ್ ತಂದಿತು. ಬಿಲ್ಲಿನಲ್ಲಿ ಎಂದಿನಂತೆ ಶೇ 20 ಹಾಕಿ. ಸರ್ಕಾರಕ್ಕೆ ಮಾತ್ರ ಒಟ್ಟು ವಹಿವಾಟಿನ ಮೇಲೆ ಒಂದು ನಿಗದಿತ ಶೇಕಡಾವಾರು ಕಟ್ಟಿ, ಅಷ್ಟೇ. ಖರೀದಿಯ ವ್ಯಾಟ್ ಸಾಮಾನ್ಯವಾಗಿ ವಾಪಸ್ ಸಿಗದು, ಆದರೆ ಭಾಗ ಮಾಡುವ ಗೋಜೂ ಇಲ್ಲ.

ನಡುವೆ ಉಳಿದ ಹಣ ಎಷ್ಟೋ ಮಂದಿಯ ಜೇಬಿಗೆ ಸೇರುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಸರ್ಕಾರ ಅದಕ್ಕೆ ಕಡಿವಾಣ ಹಾಕಿತು. ಸರಕಿನ ಮೇಲೆ ವಹಿವಾಟಿನ ಶೇ 2ಕ್ಕಿಂತ ಅಥವಾ ವರ್ಷಕ್ಕೆ 1,000 ಪೌಂಡಿಗಿಂತ ಕಡಿಮೆ ಖರ್ಚು ಮಾಡುವವರಿಗೆ ದರ ಶೇ 16.5. ಕಾಗದ, ಇಂಕು ಸರಕು. ಟೈಪ್ ಮಾಡಿಕೊಟ್ಟವರ ಕೂಲಿ, ಕೊಠಡಿಯ ಬಾಡಿಗೆ ಸರಕಲ್ಲ. ವರದಿ ಬರೆಯುವ ವೈದ್ಯರು ಎಷ್ಟು ಕಾಗದ ಕೊಂಡಾರು!

ನಮ್ಮ ಮೂಳೆ ವೈದ್ಯರಿಗೆ ವರ್ಷಕ್ಕೆ ವರದಿಗಳಿಂದ 1,00,000 ಪೌಂಡ್, ಚಿಕಿತ್ಸೆಯಿಂದ 30,000 ಬರುತ್ತದೆ ಎನ್ನೋಣ. ವರದಿಗಳ ಮೇಲೆ ಅವರು ವಸೂಲು ಮಾಡುವ ವ್ಯಾಟ್ 20,000. ವರದಿಯಷ್ಟನ್ನೇ ಮಾಡುತ್ತಿದ್ದರೆ 1,20,000ಕ್ಕೆ ಶೇ 16.5ರಂತೆ 19,800 ಕಟ್ಟಿ 200 ಪೌಂಡ್ ಉಳಿಸುತ್ತಿದ್ದರು. ಆದರೆ ಈ ಯೋಜನೆಯಲ್ಲಿ ವಹಿವಾಟು ಎಂದರೆ ವಿನಾಯಿತಿ ಇರುವ ಆದಾಯವೂ ಸೇರಿ. ಚಿಕಿತ್ಸೆಯ 30,000ದ ಮೇಲೂ 4,950 ಬೀಳುತ್ತದೆ. ಒಟ್ಟು ಕಟ್ಟುವುದು 24,750. ವಸೂಲಾದದ್ದು 20,000, ಉಳಿದ 4,750 ಕೈಯಿಂದ.

ರೋಗಿಯಿಂದ ಚಿಕ್ಕಾಸೂ ತೆರಿಗೆ ಬಂದಿಲ್ಲ. ಆದರೂ ರೋಗಿಯ ಹೆಸರಿನಲ್ಲಿ ವೈದ್ಯರು ತೆರಿಗೆ ಕಟ್ಟಿದ್ದಾರೆ. ಇದನ್ನು ಕಾನೂನಿನ ಕುತಂತ್ರ ಎನ್ನಲಾರೆ. ಯಾತಕ್ಕಾಗಿ ಎಂದು ಪ್ರತಿಸಲ ಕೇಳುವ ವ್ಯವಸ್ಥೆಯಿಂದ, ಅದನ್ನು ಕೇಳುವುದೇ ಇಲ್ಲದ ವ್ಯವಸ್ಥೆಗೆ ಅವರಾಗಿ ದಾಟಿದ್ದು. ಅಲ್ಲಿ ಗುಣಪಡಿಸಿದ್ದೂ ಸಾಕ್ಷಿ ನುಡಿದದ್ದೂ ಒಂದೇ ಮೊತ್ತ. ಸರಳತೆ ಬೇಕೆಂದಾಗ ನಾವು ಬಯಸುವುದು ಬಹುಪಾಲು ಇದನ್ನೇ: ಯಾವುದನ್ನು ಏಕೆ ಮಾಡಿದೆವು ಎಂದು ಬಿಡಿಸಿ ಹೇಳುವ ಕಷ್ಟ ತಪ್ಪಲಿ. ದಣಿದವರು ಹಾಗೆ ಬಯಸುವುದು ತಪ್ಪೇನಲ್ಲ. ಆದರೆ ವೈದ್ಯರಿಗೆ ವಿನಾಯಿತಿ ಸಿಕ್ಕಿದ್ದೇ ಆ ಬಿಡಿಸಿ ಹೇಳುವಿಕೆಯಿಂದ. ಅದನ್ನು ಬಿಟ್ಟುಕೊಟ್ಟ ಮೇಲೆ ಅದರ ಫಲ ಕೈಯಲ್ಲಿ ಹೇಗೆ ಉಳಿದೀತು?

(ನಮ್ಮ ಜಿಎಸ್‌ಟಿಯಲ್ಲಿ ಸಣ್ಣ ವ್ಯವಹಾರದವರಿಗಿರುವ ಕಾಂಪೊಸಿಷನ್ ಸ್ಕೀಮಿನ ಕಟ್ಟು ಬೇರೆ. 50 ಲಕ್ಷದವರೆಗಿನ ವಹಿವಾಟಿನ ಸೇವಾದಾರರಿಗೆ ದರ ಶೇ 6, ಆದರೆ ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಹಾಗೆಂದು ಬಿಲ್ಲಿನಲ್ಲೇ ಬರೆಯಬೇಕು. ಸೌಂದರ್ಯ ಚಿಕಿತ್ಸೆಯನ್ನೂ ಮಾಡುವ ಚರ್ಮ ವೈದ್ಯರು ಇನ್ನೊಂದನ್ನು ನೆನಪಿಡಬೇಕು: ನೋಂದಣಿಯ 20 ಲಕ್ಷದ ಮಿತಿಗೆ ವಿನಾಯಿತಿಯ ಫೀಸೂ ಲೆಕ್ಕಕ್ಕೆ ಬರುತ್ತದೆ.)

ಎರಡೂ ಬಗೆಯ ಆದಾಯವಿರುವ ವೈದ್ಯರಿಗೆ ಫ್ಲಾಟ್ ರೇಟ್ ಹೊಂದುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಬೇಸರವಾದರೂ ಪುಸ್ತಕದಲ್ಲಿ ಎರಡು ಕಾಲಂ ಇರಲಿ. ಈಗಾಗಲೇ ಸೇರಿರುವವರು ಯಾವಾಗ ಬೇಕಾದರೂ ತೆರಿಗೆ ಇಲಾಖೆಗೆ ಬರೆದು ಹೊರಬರಬಹುದು. ಮತ್ತೆ ಸೇರಬೇಕೆಂದರೆ ಮಾತ್ರ 12 ತಿಂಗಳು ಕಾಯಬೇಕು.