ಅಭಿಮಾನಿಯ ಹಕ್ಕು

ಒಂದು ತಂಡವನ್ನು ಮೆಚ್ಚಿದವನಿಗೆ ಅದನ್ನು ದೂರುವ ಹಕ್ಕುಂಟೇ? ಟಿಕೆಟಿನ ಹಣ ತೆತ್ತು ಆಟವನ್ನು ನೋಡಿದೊಡನೆ ಲೆಕ್ಕ ತೀರಿತೆಂದು ವ್ಯವಹಾರಜ್ಞರು ಹೇಳುವರು. ಆದರೆ ಸರಕು ಕೆಟ್ಟರೆ ಗಿರಾಕಿಯು ಮತ್ತೊಂದು ಅಂಗಡಿಗೆ ಹೋಗುವನು. ಅಭಿಮಾನಿಗೆ ಮತ್ತೊಂದು ಅಂಗಡಿಯಿಲ್ಲ.

ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಕ್ರಿಕೆಟ್ ತಂಡವು 2008ರಲ್ಲಿ ಆಟಕ್ಕಿಳಿಯಿತು. 2009, 2011, 2016ರಲ್ಲಿ ಅಂತಿಮ ಪಂದ್ಯವನ್ನು ಸೋತಿತು. 2017ರಲ್ಲಿ ಕಲ್ಕತ್ತೆಯಲ್ಲಿ 49 ಓಟಗಳಿಗೆ ಕುಸಿಯಿತು. ಆಟಗಾರರ ಆಯ್ಕೆಯನ್ನೂ ತರಬೇತುದಾರರನ್ನೂ ಟಿಕೆಟಿನ ದುಬಾರಿಯನ್ನೂ ಸುಬ್ರಹ್ಮಣ್ಯಪುರದಿಂದ ಮಲ್ಲೇಶ್ವರದವರೆಗೆ ಮನೆಮನೆಯಲ್ಲಿ ಜರೆದವರೇ ಮರುವರ್ಷ ‘ಈ ಸಲ ಕಪ್ ನಮ್ದೇ’ ಎಂದರು. ಈ ನಿಷ್ಠೆಯು ಒಡೆಯರ ಆಸ್ತಿಯಲ್ಲ. ಜನರು ನಂಬಿ ಅವರಲ್ಲಿಟ್ಟ ನಿಕ್ಷೇಪ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ಪು ದೊರೆಯಿತು. ಮರುದಿನ ವಿಜಯೋತ್ಸವಕ್ಕೆಂದು ಬಂದ ಜನಸಾಗರವು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಿಕ್ಕಿರಿಯಿತು. ಒಳಗೆ ಸ್ಥಳವಿದ್ದುದು ಸುಮಾರು 35 ಸಾವಿರ ಮಂದಿಗೆ. ಪ್ರವೇಶವು ಯಾರಿಗೆ, ಯಾವ ಚೀಟಿಯಿಂದ ಎಂಬುದು ಹಲವರಿಗೆ ತಿಳಿದಿರಲಿಲ್ಲ. ನೂಕುನುಗ್ಗಲಿನಲ್ಲಿ 11 ಮಂದಿ ಮಡಿದರು. ಸೋಲಿನ ವರ್ಷಗಳಲ್ಲಿ ಆಗದ ಅನ್ಯಾಯವು ಗೆಲುವಿನ ದಿನ ಆಯಿತು.

ಆದುದರಿಂದ ಪ್ರಶ್ನೆಗೆ ಉತ್ತರವು ಎರಡು ಬಗೆ. ಗೆಲುವನ್ನು ಹಕ್ಕೆಂದು ಕೇಳುವ ಅಧಿಕಾರ ಅಭಿಮಾನಿಗಿಲ್ಲ. ಆಟದಲ್ಲಿ ಸೋಲು ಸಹಜ. ಬೀದಿಯಲ್ಲಿ ಆಟಗಾರನನ್ನು ನಿಂದಿಸುವುದೂ ಹಕ್ಕಲ್ಲ. ಆದರೆ ನ್ಯಾಯವಾದ ಬೆಲೆ, ಸ್ಪಷ್ಟವಾದ ಮಾತು, ಸುರಕ್ಷಿತವಾದ ದಾರಿ, ಇವು ಮೂರೂ ಅವನಿಗೆ ಸಲ್ಲಬೇಕಾದ ಋಣ. ಇವುಗಳನ್ನು ಕೇಳುವ ದೂರು ದ್ರೋಹವಲ್ಲ, ಅಭಿಮಾನದ ಧರ್ಮವೇ. ಹಬ್ಬಕ್ಕೆ ಊರನ್ನು ಕರೆದವನು ಬಾಗಿಲನ್ನೂ ಕಾಯಬೇಕಷ್ಟೆ.