ಆಯುವ ಕೈಯ ಹೊಣೆ

ಪ್ರಕೃತಿಯ ವ್ಯಾಪಾರದಲ್ಲಿ ಮನುಷ್ಯನು ಕೈಯಿಟ್ಟು ಒಂದನ್ನು ಆಯ್ದು ಉಳಿದವನ್ನು ತೊರೆಯುವಾಗ, ಆ ಆಯ್ಕೆಯು ಯಾವಾಗ ಧರ್ಮ್ಯವೆನಿಸುವುದು, ಯಾವಾಗ ಅಧರ್ಮ್ಯವೆನಿಸುವುದು? ಪ್ರಶ್ನೆ ಹಿರಿದಾದರೂ ಇದರ ವಿಚಾರಕ್ಕೆ ಹಿತ್ತಿಲ ಕುಂಬಳದ ಬಳ್ಳಿಯೊಂದು ಸಾಕು. ಅದರಲ್ಲಿಯೂ ಅಮೆರಿಕ, ಕೆನಡಾ ದೇಶಗಳ ಗೃಹಸ್ಥರು ತಮ್ಮ ಮನೆಯಂಗಳದಲ್ಲಿ ಬೆಳೆಯುವ ಬೃಹತ್ ಕುಂಬಳವು ಈ ಜಿಜ್ಞಾಸೆಗೆ ತಕ್ಕ ದೃಷ್ಟಾಂತವಾಗಿದೆ.

ನಮ್ಮ ಸಿಹಿಗುಂಬಳದಲ್ಲಿರುವಂತೆ ಅದರಲ್ಲಿಯೂ ಒಂದೇ ಬಳ್ಳಿಯಲ್ಲಿ ಗಂಡುಹೂವೂ ಹೆಣ್ಣುಹೂವೂ ಬೇರೆ ಬೇರೆಯಾಗಿ ಅರಳುತ್ತವೆ. ಗಂಡುಹೂವಿನ ತೊಟ್ಟು ನೀಳ, ಸಪುರ. ಹೆಣ್ಣುಹೂವಿನ ಬುಡದಲ್ಲಿ ಅರಳುವ ಮುನ್ನವೇ ಪುಟ್ಟ ಮಿಡಿಯೊಂದು ಕಾಣುವುದು. ಪರಾಗವು ಅಂಟಾಗಿಯೂ ಭಾರವಾಗಿಯೂ ಇರುವುದರಿಂದ ಗಾಳಿಯು ಅದನ್ನು ಒಯ್ಯಲಾರದು. ಜೇನ್ನೊಣವೇ ಮೊದಲಾದ ಕೀಟಗಳು ಒಯ್ಯಬೇಕು. ಹೂವಾದರೋ ಮುಂಜಾನೆ ಬಿರಿದು, ಮಧ್ಯಾಹ್ನದೊಳಗೆ ಮುದುಡಿ, ಮತ್ತೆ ತೆರೆಯದು.

ಜೇನ್ನೊಣವು ಯಾವ ಬಳ್ಳಿಯ ಪರಾಗವನ್ನು ತರುವುದೋ ಬಲ್ಲವರಾರು? ಆದುದರಿಂದ ತೋಟಿಗನು ಆ ಕೆಲಸವನ್ನು ತಾನೇ ವಹಿಸಿಕೊಳ್ಳುವನು. ನಾಳೆ ಅರಳುವ ಮೊಗ್ಗಿನ ತುದಿ ಇಂದು ಸಂಜೆಯೇ ಹಳದಿಯಾಗಿರುವುದು. ಅದನ್ನು ಗುರುತಿಸಿ, ತಾನು ಆಯ್ದ ಗಂಡುಮೊಗ್ಗಿಗೂ ಹೆಣ್ಣುಮೊಗ್ಗಿಗೂ ತೆಳುಬಟ್ಟೆಯ ಮುಸುಕು ಕಟ್ಟುವನು. ಮುಂಜಾನೆ ಗಂಡುಹೂವನ್ನು ಕೊಯ್ದು, ಎಸಳುಗಳನ್ನು ಬಿಡಿಸಿ, ಕೇಸರವನ್ನು ಹೆಣ್ಣುಹೂವಿನ ಶಲಾಕಾಗ್ರದ ಪ್ರತಿಯೊಂದು ಹಾಲೆಗೂ ಮೃದುವಾಗಿ ಸವರಿ, ಮರಳಿ ಮುಸುಕು ಕಟ್ಟುವನು. ತಾಯಿಬಳ್ಳಿ ಯಾವುದು, ತಂದೆಬಳ್ಳಿ ಯಾವುದು, ದಿನ ಯಾವುದು ಎಂಬುದನ್ನು ಬರೆದಿಡುವನು.

ಇಂತಹ ಎಚ್ಚರದ ಫಲ ಸಾಮಾನ್ಯವಲ್ಲ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಕೃಷಿಕ ಹೊವರ್ಡ್ ಡಿಲ್ ಎಂಬಾತನು ಹಲವು ವರ್ಷ ತಳಿಗಳನ್ನು ಆಯ್ದು ‘ಅಟ್ಲಾಂಟಿಕ್ ಜೈಂಟ್’ ಎಂಬ ತಳಿಯನ್ನು ರೂಪಿಸಿದನು. 1981ರಲ್ಲಿ ಆತನ ಕಾಯಿ ಸುಮಾರು 224 ಕಿಲೋಗ್ರಾಂ ತೂಗಿತು. 2012ರಲ್ಲಿ ಅಮೆರಿಕದ ಟಾಪ್ಸ್‌ಫೀಲ್ಡ್ ಜಾತ್ರೆಯಲ್ಲಿ ತೂಗಿದ ಕಾಯಿ 911 ಕಿಲೋಗ್ರಾಂ ಇದ್ದಿತು. 2023ರಲ್ಲಿ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇ ಊರಿನಲ್ಲಿ ತೂಗಿದುದು 1247 ಕಿಲೋಗ್ರಾಂ. ಇದನ್ನು ಬೆಳೆದವರು ಮಿನೆಸೋಟ ಪ್ರಾಂತದ ತೋಟಗಾರಿಕೆಯ ಅಧ್ಯಾಪಕರೊಬ್ಬರು.

ಈ ಫಲವು ಯಾರದು? ತರ್ಕಶಾಸ್ತ್ರವು ಕುಂಬಾರನನ್ನು ಮಡಕೆಗೆ ನಿಮಿತ್ತಕಾರಣವೆಂದು ಹೇಳುತ್ತದೆ. ಕುಂಬಾರನು ಮಣ್ಣಿಗೆ ಆಕಾರವನ್ನಾದರೂ ಕೊಡುವನು. ತೋಟಿಗನು ಅಷ್ಟನ್ನೂ ಕೊಡಲಾರನು. ಪರಾಗವನ್ನು ಮುಟ್ಟಿಸಿದ ಮೇಲೆ ಕೆಲವೇ ದಿನಗಳಲ್ಲಿ ಮಿಡಿಯು ಉಬ್ಬಬಹುದು, ಇಲ್ಲವೆ ಹಳದಿಗಟ್ಟಿ ಉದುರಬಹುದು. ಬಿಸಿಲು ಮಿತಿಮೀರಿದರೆ ಎಷ್ಟು ಜಾಣ ಕೈಯೂ ಸೋಲುವುದು. ಆದುದರಿಂದ ಬೆಳೆಸಿದೆನೆಂಬ ಅಹಂಕಾರಕ್ಕೆ ಇಲ್ಲಿ ಎಡೆಯಿಲ್ಲ. ಆದರೆ ಆಯ್ಕೆ ಮಾತ್ರ ನಿಸ್ಸಂದೇಹವಾಗಿ ಅವನದೇ; ಅದರ ಹೊಣೆಯೂ ಅವನದೇ.

ಆ ಹೊಣೆಯು ಘನವಾಗುವುದು ಮುಂದಿನ ಹೆಜ್ಜೆಯಲ್ಲಿ. ಬಳ್ಳಿಯಲ್ಲಿ ಹಲವು ಮಿಡಿ ಕಚ್ಚಿದ ಬಳಿಕ, ಸೊಗಸಾಗಿ ಬೆಳೆಯುವ ಒಂದನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಅವನು ಚಿವುಟಿಹಾಕುವನು. ಬಳ್ಳಿಯ ಸಾರವೆಲ್ಲ ಒಂದಕ್ಕೇ ಹರಿದು, ಬೆಳವಣಿಗೆಯ ಉಚ್ಛ್ರಾಯಕಾಲದಲ್ಲಿ ಅದು ದಿನವೊಂದಕ್ಕೆ 15-20 ಕಿಲೋಗ್ರಾಂ ಹೆಚ್ಚುವುದುಂಟು. ಒಂದಕ್ಕಾಗಿ ಹಲವನ್ನು ಕೀಳುವುದು ಅನ್ಯಾಯವಲ್ಲವೆ ಎಂದು ಯಾರಾದರೂ ಕೇಳಬಹುದು. ವಿಚಾರಿಸಿ ನೋಡಿದರೆ ಇಲ್ಲಿ ದೋಷವು ಕಾಣದು. ಕಿತ್ತ ಮಿಡಿಗಳಿಂದ ದೊರೆಯಬಹುದಾಗಿದ್ದ ಅಡಿಗೆಯ ಕಾಯಿಗಳನ್ನು ಕಳೆದುಕೊಂಡವನು ಅವನೇ. ಉಳಿದ ಆ ಮಹಾಫಲವು ನೀರುನೀರಾಗಿ, ರುಚಿಗೆ ಸಾಮಾನ್ಯವಾಗಿರುವುದೆಂಬುದನ್ನೂ ಅವನು ಬಲ್ಲನು. ಮುಸುಕು ಕಟ್ಟಿದ್ದು ಕೆಲವು ಹೂಗಳಿಗೆ ಮಾತ್ರವಾದುದರಿಂದ ಜೇನ್ನೊಣಕ್ಕೂ ಉಳಿದವು ತೆರೆದೇ ಇರುತ್ತವೆ. ಆಯ್ದವನೇ ನಷ್ಟವನ್ನು ಹೊತ್ತಿದ್ದಾನೆ. ಆಯ್ಕೆಯನ್ನು ಧರ್ಮ್ಯವಾಗಿಸುವ ಮೂಲಸೂತ್ರ ಇದೇ.

ಈ ಸೂತ್ರವನ್ನು ಮರೆತು ಬಳ್ಳಿಯ ನೀತಿಯನ್ನು ಮನೆಗೆ ತಂದರೆ ಅನರ್ಥವಾಗುವುದು. ನಾಲ್ಕು ಮಕ್ಕಳಲ್ಲಿ ಚುರುಕಾದವನೊಬ್ಬನನ್ನು ಆಯ್ದು, ಮನೆಯ ಹಣವನ್ನೂ ಹಾಲನ್ನೂ ಮಮತೆಯನ್ನೂ ಅವನಿಗೇ ಹರಿಸಿ, ಹೆಣ್ಣುಮಗಳನ್ನು ಶಾಲೆ ಬಿಡಿಸುವ ತಂದೆಯು ಏನನ್ನು ಕಳೆದುಕೊಂಡನು? ಹೊರಗೆ ಅವನಿಗೆ ಕೀರ್ತಿಯೇ ಬಂದೀತು. ನಷ್ಟವನ್ನು ಹೊತ್ತವಳು ಆ ಮಗಳು. ಪಾಠಶಾಲೆಯಲ್ಲಿ ಮೊದಲ ಸಾಲಿನ ಇಬ್ಬರನ್ನು ಪರೀಕ್ಷೆಯ ಹೆಗ್ಗಳಿಕೆಗಾಗಿ ತಿದ್ದಿ, ಹಿಂದಿನ ಸಾಲನ್ನು ಮರೆಯುವ ಉಪಾಧ್ಯಾಯನದೂ ಇದೇ ದೋಷ. ಚಿವುಟಿದ ಮಿಡಿಗೆ ತಾನು ಚಿವುಟಲ್ಪಟ್ಟೆನೆಂಬ ಅರಿವಿಲ್ಲ. ತಳ್ಳಲ್ಪಟ್ಟ ಮಗುವಿಗೆ ಅದು ಅಂದೇ ತಿಳಿಯುವುದು, ಮುಪ್ಪಿನವರೆಗೂ ನೆನಪಿರುವುದು.

‘ಬಳ್ಳಿಗೆ ಕಾಯಿ ಭಾರವೆ?’ ಎಂಬುದು ನಮ್ಮ ಹಿರಿಯರ ಗಾದೆ. ಹಲವು ಕಾಯಿಗಳು ಭಾರವೆಂದು ಬಳ್ಳಿಯು ಎಂದೂ ಹೇಳಲಿಲ್ಲ. ಎಣಿಕೆ ಹಾಕಿದ್ದು ಮನುಷ್ಯನ ಕೈ. ಹಿತ್ತಿಲಲ್ಲಿ ಆ ಕೈ ಆಯಲಿ, ಚಿವುಟಲಿ. ಅಲ್ಲಿ ಕಳೆದುಕೊಳ್ಳುವುದೆಲ್ಲ ಅದರದೇ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ, ಬಡಿಸುವಾಗ ಪ್ರತಿಯೊಂದು ಎಲೆಯನ್ನೂ ನೋಡಿ ಬಡಿಸುವುದೇ ಅದರ ಧರ್ಮ.